ಎಡಕ್ಕೆ ಮಲಗುವ ಮುರಿಗೆ

ಮಾರಾ, ಬಸು,

ಹೋದ ರವಿವಾರ ನಾನು ಧಾರವಾಡಕ್ಕೆ ನಿಮ್ಮ ಮನೆಗೆ ಬಂದಾಗ ನಿಮ್ಮವ್ವ ಓವನ್ನಿನಲ್ಲಿ ಅವಳ ಆ ಮಾಂಸದ ಕಡಬುಗಳನ್ನು ಬೇಯಿಸುತ್ತಿದ್ದಳು. ನಾನು ಎಂದಿನಂತೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಮೊದಲು ಬೆಣ್ಣೆ ಹಚ್ಚಿದ ಮೈದಾ ಕೆಂಪಾಗುವ ವಾಸನೆ ಬಂತು, ಆಮೇಲೆ ಹಸಿ ಶುಂಠಿಯದು, ಕೊನೆಗೆ ಒಳಗಿನ ರಸ ತಟ್ಟೆಗೆ ಸುರಿದು ಸುಡುವ ವಾಸನೆ. ಮಾರಾ ಕೈಯಲ್ಲೊಂದು ಒಡೆದ ಕಡಬು ಹಿಡಿದುಕೊಂಡು ಹೊರಗೆ ಬಂದು ಕೇಳಿದಳು: "ಅಜ್ಜಿ, ಅವ್ವ ಮಾಡಿದ್ದು ಪ್ರತಿ ಸಲ ಯಾಕ ಒಡೀತಾವ? ನಿನ್ನ ಕರ್ಚಿಕಾಯಿ ಒಂದೂ ಒಡೆಯಂಗಿಲ್ಲ. ನೀ ಯಾಕ ಅಕಿಗೆ ಕಲಿಸಿಲ್ಲ?"

ನಾನು ಮೊಣಕಾಲು ನೋಯುತ್ತದೆ ಎಂದು ಹೇಳಿ ಎದ್ದೆ. ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಬೈಲಹೊಂಗಲಕ್ಕೆ ಬಂದುಬಿಟ್ಟೆ. ಬಸ್ಸಿನ ತುಂಬ ಜನರಿದ್ದರು, ಕಿಟಕಿ ತೆರೆದಿತ್ತು, ಆದರೂ ಸೆರಗಿನಲ್ಲಿ ಆ ವಾಸನೆ ಮನೆಯವರೆಗೂ ಬಂತು.

ನನಗೆ ಎದುರಿಗೆ ಕೂತು ಮಾತಾಡಲು ಬರುವುದಿಲ್ಲ. ನಾಲ್ಕು ಜನ ಇದ್ದಲ್ಲಿ ನನ್ನ ದನಿಯೇ ಹೊರಡುವುದಿಲ್ಲವೆಂದು ನಿಮ್ಮ ಅಜ್ಜ ನಗುತ್ತಿದ್ದರು. ನವಿಲುತೀರ್ಥದ ಹತ್ತಿರದ ನಮ್ಮ ಹಳ್ಳಿಯ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೇಳುತ್ತಿದ್ದರು. ಅದೊಂದು ಧೈರ್ಯದಿಂದ ಬರೆಯುತ್ತಿದ್ದೇನೆ. ಮಾರಾ ಕೇಳಿದ್ದಕ್ಕೆ ಉತ್ತರ ಅವಳು ಹುಟ್ಟುವ ಮೊದಲಿನ ಮಳೆಗಾಲದಲ್ಲಿದೆ.

ಆಗ ನಿಮ್ಮಪ್ಪ ಹಡಗಿನಲ್ಲಿ ಫಿಟ್ಟರ್ ಆಗಿದ್ದ. ಒಮ್ಮೆ ಹಡಗು ರಿಪೇರಿಗೆಂದು ಲಾಟ್ವಿಯಾ ದೇಶದ ರೀಗಾ ಬಂದರದಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಬಂದರದ ಹತ್ತಿರ ಒಬ್ಬ ಚೀನಾದವನ ಸಣ್ಣ ಖಾನಾವಳಿ. ಅವನ ಹೆಂಡತಿ ಅಲ್ಲಿಯ ಊರಿನವಳು. ಅವರ ಒಬ್ಬಳೇ ಮಗಳು ಲೈಮಾ, ನಿಮ್ಮವ್ವ. ಮದುವೆ ಅಲ್ಲಿಯೇ ರಜಿಸ್ಟರ್ ಆಗಿ, ನಮಗೆ ಫೋಟೊ ಬಂತು. ಮರುವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಇಬ್ಬರೂ ಬೈಲಹೊಂಗಲಕ್ಕೆ ಬಂದರು. ಅವಳಿಗೆ ಐದು ತಿಂಗಳಾಗಿತ್ತು.

ಓಣಿಯವರೆಲ್ಲ ನೋಡಲು ಬಂದರು. ಸಣ್ಣ ಕಣ್ಣು, ಗೋಧಿ ಬಣ್ಣದ ಕೂದಲು. ಒಬ್ಬಳು ನನ್ನ ಕಿವಿಯಲ್ಲಿ, "ನೀಲವ್ವ, ಇಕಿ ಯಾವ ದೇಶದಾಕಿ ಅಂತ ತಿಳಕೊಳ್ಳೂದು?" ಎಂದಳು. ನಾನು ನೆಲ ನೋಡಿದೆ. ಆದರೆ ಲೈಮಾ ಯಾರಿಗೂ ಮುಖ ಸಿಂಡರಿಸಲಿಲ್ಲ. ರೊಟ್ಟಿ ತಟ್ಟಲು ಹೋಗಿ ಬೆರಳು ಸುಟ್ಟುಕೊಂಡಳು, ಪುಂಡಿಪಲ್ಯ ತಿಂದು ವಾಂತಿ ಮಾಡಿಕೊಂಡಳು, ಮರುದಿನ ಮತ್ತೆ ತಟ್ಟೆ ಮುಂದಿಟ್ಟುಕೊಂಡು ಕೂತಳು. ಒಂದು ತಿಂಗಳಲ್ಲಿ ನೂರು ಶಬ್ದ ಕಲಿತಳು. ಮೊದಲು ಕಲಿತದ್ದು 'ಅತ್ತಿ'.

ಆ ಮನೆಯಲ್ಲಿ ಅವಳ ಪರವಾಗಿ ಮಾತಾಡಿದವರು ನಾನಲ್ಲ, ನಿಮ್ಮ ಅಜ್ಜನ ಅಕ್ಕ ಶಂಕ್ರವ್ವ. ಅವರನ್ನು ಮುರಗೋಡಕ್ಕೆ ಮದುವೆ ಮಾಡಿ ಕೊಟ್ಟಿತ್ತು. ಮುತ್ತೈದೆ, ಮಾತುಗಾರ್ತಿ, ಬಳಗದಲ್ಲಿ ಅವರ ಮಾತು ಮುರಿಯುವವರಿಲ್ಲ. ಲೈಮಾಳ ಗಲ್ಲ ಹಿಡಿದೆತ್ತಿ ನೋಡಿ, "ಏನ ಚೆಂದ ಅದಾಳೊ ಹುಡುಗಿ. ಇಕಿಗೆ ಇಲ್ಲೆ ತವರಮನಿ ಇಲ್ಲಲ್ಲ, ನಾನ ತವರು. ಏಳರಾಗ ಕುಬಸ ನಾನ ಮಾಡತೇನಿ, ಉಡಿ ನಾನ ತುಂಬತೇನಿ" ಎಂದರು.

ಇದನ್ನು ನಿಮಗೆ ತಿಳಿಸಿ ಹೇಳಬೇಕು. ಕುಬಸವೆಂದರೆ ಬಸುರಿಗೆ ಹಸಿರು ಬಳೆ ಇಡಿಸಿ, ಖಣದ ಜಂಪರು ತೊಡಿಸಿ, ಉಡಿ ತುಂಬುವ ಶಾಸ್ತ್ರ. ಗಂಡ ಸತ್ತವಳು ಬಸುರಿಗೆ ಬಳೆ ಇಡಿಸುವಂತಿಲ್ಲ, ಉಡಿ ತುಂಬುವಂತಿಲ್ಲ. ನಮ್ಮ ಧರ್ಮದಲ್ಲಿ ಹಾಗೇನೂ ಇಲ್ಲವೆಂದು ಮಠದಲ್ಲಿ ಹೇಳುತ್ತಾರೆ, ಓಣಿಯಲ್ಲಿ ಇದೆ. ನಿಮ್ಮ ಅಜ್ಜ ಆಗಲೇ ತೀರಿದ್ದರು. ಹೀಗಾಗಿ ಲೈಮಾಳ ಉಡಿ ತುಂಬಬೇಕಾದರೆ ಶಂಕ್ರವ್ವ ಬೇಕೇ ಬೇಕು. ನಿಮ್ಮಪ್ಪ ಇದನ್ನೆಲ್ಲ ಬಿಡಿಸಿ ಹೇಳಿದಾಗ ಲೈಮಾ ತನ್ನ ತಾಯಿಗೆ ಫೋನ್ ಹಚ್ಚಿ ಬಹಳ ಹೊತ್ತು ಮಾತಾಡಿದಳು. ಮರುದಿನ ಪೇಟೆಗೆ ಹೋಗಿ ಹಸಿರು ಬಳೆ ತಂದು ಟ್ರಂಕಿನಲ್ಲಿಟ್ಟಳು. ಮೂರು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು.

ಆಷಾಢದಲ್ಲಿ ನಿಮ್ಮ ಅಜ್ಜ ತೀರಿದ ದಿನ ಬಂತು. ನಾನು ವರ್ಷವೂ ಇಡುವಂತೆ ಅವರ ಫೋಟೊ ಮುಂದೆ ಎಡೆ ಇಟ್ಟೆ. ಹೋಳಿಗೆಯ ಜೊತೆಗೆ ಮಿರ್ಚಿ ಭಜಿ, ಕಡಕ್ ಚಹಾ, ಎಲೆ-ಅಡಿಕೆ. ಲೈಮಾ ಬಾಗಿಲಲ್ಲಿ ನಿಂತು ನೋಡಿ ನಿಮ್ಮಪ್ಪನನ್ನು ಏನೋ ಕೇಳಿದಳು. ಅವನು ಹೇಳಿದ: "ಅವ್ವ, ಸತ್ತವರಿಗೆ ಅವರು ಇಷ್ಟಪಟ್ಟದ್ದ ಇಡತಾರೇನು ಅಂತ ಕೇಳಾಕತ್ತಾಳ." ನಾನು ಹೂಂ ಎಂದು ತಲೆಯಾಡಿಸಿದೆ. ಅವಳ ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಅದು ನನಗೆ ಗೊತ್ತಿತ್ತು. ಆದರೆ ಒಮ್ಮೆಯೂ ಅವನ ಬಗ್ಗೆ ಕೇಳಿರಲಿಲ್ಲ.

ಪಂಚಮಿಗೆ ಉಂಡಿಯ ಜೊತೆ ಕರ್ಚಿಕಾಯಿ ಮಾಡುತ್ತಿದ್ದೆ. ಸಣ್ಣವಳಿದ್ದಾಗ ಕುಡಗೋಲಿಗೆ ಸಿಕ್ಕು ನನ್ನ ಬಲ ಹೆಬ್ಬೆರಳಿನ ತುದಿ ಹೋಗಿರುವುದನ್ನು ನೀವು ನೋಡಿದ್ದೀರಿ. ಎಲ್ಲರೂ ಹೆಬ್ಬೆರಳಿನಿಂದ ಅಂಚು ಮಡಚುತ್ತ ಹೋಗುತ್ತಾರೆ, ಅವರ ಮುರಿಗೆ ಬಲಕ್ಕೆ ಮಲಗುತ್ತದೆ. ನಾನು ತೋರುಬೆರಳು, ನಡುಬೆರಳಿನಲ್ಲಿ ಮುರಿಯುತ್ತೇನೆ. ನನ್ನದು ಎಡಕ್ಕೆ ಮಲಗುತ್ತದೆ. ನಾನು ಹೊಸ ಸೊಸೆಯಾಗಿ ಈ ಮನೆಗೆ ನಡೆಯಲು ಬಂದಾಗ ಶಂಕ್ರವ್ವ ಬುಟ್ಟಿಯಲ್ಲಿ ನನ್ನವನ್ನು ಹುಡುಕಿ ತೆಗೆದು, "ಇವು ನಮ್ಮ ನೀಲವ್ವನ ಎಡಚ ಕರ್ಚಿಕಾಯಿ" ಎಂದು ನಗಿಸುತ್ತಿದ್ದರು. ಆದರೆ ಎಣ್ಣೆಯಲ್ಲಿ ನನ್ನದೊಂದೂ ಒಡೆದಿಲ್ಲ.

ಲೈಮಾ ಎದುರಿಗೆ ಕೂತು ನೋಡುತ್ತಿದ್ದವಳು ಒಮ್ಮೆಲೇ ನನ್ನ ಮುಂಗೈ ಹಿಡಿದಳು. "ಅಪ್ಪ," ಎಂದಳು. "ಅಪ್ಪ ಕೈ." ಕಣ್ಣಲ್ಲಿ ನೀರು.

ನಿಮ್ಮಪ್ಪ ಬಂದು ಬಿಡಿಸಿ ಹೇಳಿದ. ಅವಳ ತಾಯಿಯ ಊರಿನಲ್ಲಿ ಹಬ್ಬಕ್ಕೆ ಹಿಟ್ಟನ್ನು ಹುದುಗು ಬರಿಸಿ, ಮಾಂಸ-ಉಳ್ಳಾಗಡ್ಡಿ ತುಂಬಿ, ಅರ್ಧ ಚಂದ್ರನಂತೆ ಮಡಚಿ ಓವನ್ನಿನಲ್ಲಿ ಸುಡುತ್ತಾರಂತೆ. ಅಪ್ಪನ ದೇಶದಲ್ಲಿ ಅಂಥದ್ದನ್ನೇ ದುಂಡಗೆ ಮಾಡಿ, ನೆತ್ತಿಯ ಮೇಲೆ ನಿರಿಗೆ ಹಿಡಿದು ಹಬೆಯಲ್ಲಿ ಬೇಯಿಸುತ್ತಾರಂತೆ. ಇಬ್ಬರೂ ವರ್ಷಗಟ್ಟಲೆ ಜಗಳಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರಂತೆ: ಆಕಾರ ಅವ್ವನದು, ಸುಡುವುದೂ ಅವ್ವನ ಹಾಗೆ, ಒಳಗೆ ಶುಂಠಿ, ಉಳ್ಳಾಗಡ್ಡಿ ತಪ್ಪಲು, ಕರಿ ಸೋಯಾ ರಸ ಅಪ್ಪನದು, ಅಂಚಿನ ನಿರಿಗೆಯೂ ಅಪ್ಪನದೇ. "ನಿರಿಗಿ ಅವರಪ್ಪನ ಹಾಕ್ತಿದ್ದ. ಇಕಿ ಕಲೀಲಿಲ್ಲ. ಅಪ್ಪ ಇರ್ತಾನ ಬಿಡು ಅಂತ ಸುಮ್ಮನಿದ್ಲಂತ" ಎಂದ ನಿಮ್ಮಪ್ಪ.

ಅವಳ ಅಪ್ಪ ತೀರಿದ ದಿನ ಬರುತ್ತಿತ್ತು. ಆ ಕಡಬು ಮಾಡಿ ಎಡೆ ಇಡಬೇಕೆಂಬುದು ಅವಳ ಆಸೆ. ನಾನು ಲೆಕ್ಕ ಹಾಕಿ ನೋಡಿದೆ. ಶ್ರಾವಣ ಸೋಮವಾರ ಬಿದ್ದಿತ್ತು.

ನಮ್ಮ ಮನೆಯ ಹೊಸ್ತಿಲು ದಾಟಿ ಮಾಂಸ ಎಂದೂ ಬಂದಿಲ್ಲ. ನನಗೆ ಹೇಸಿಗೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಸುರಿ ಹುಡುಗಿ ಅಪ್ಪನಿಗೆ ಎಡೆ ಇಡುತ್ತೇನೆ ಎಂದರೆ ಯಾವ ಬಾಯಿಂದ ಬೇಡವೆನ್ನಲಿ? "ಮನ್ಯಾಗ ಬ್ಯಾಡ. ಹೊಲದ ಗುಡಿಸಲದಾಗ ಮಾಡಲಿ. ನಾ ಆ ಕಡೆ ಬರಂಗಿಲ್ಲ" ಎಂದೆ.

ಮುರಗೋಡದ ದಾರಿಯಲ್ಲಿ ನಮ್ಮ ಎರಿ ಹೊಲ ನಿಮಗೆ ಗೊತ್ತಿದೆ. ಆ ವರ್ಷ ಹೆಸರು ಬಿಡಿಸಲು ಬಂದಿತ್ತು, ಮಳೆ ಬಿಡುತ್ತಿರಲಿಲ್ಲ. ಕಾಯಿ ಗಿಡದಲ್ಲೇ ಮೊಳಕೆ ಒಡೆಯತೊಡಗಿದ್ದವು. ಸೋಮವಾರ ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ನಿಮ್ಮಪ್ಪ ಪೇಟೆಯಿಂದ ಖೀಮಾ ತಂದುಕೊಟ್ಟ. ದೊಡ್ಡ ಬೋಗುಣಿಯಲ್ಲಿ ಉಸುಕು ತುಂಬಿ, ಒಲೆಯ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕುವುದನ್ನು ಲೈಮಾಗೆ ತೋರಿಸಿದ. ನಾವು ಹಿಂದೆ ನಾನಖಟಾಯಿ ಸುಡುತ್ತಿದ್ದುದು ಹಾಗೆಯೇ. ಆಮೇಲೆ ಹಡಗಿನ ಕಾಗದಪತ್ರದ ಕೆಲಸಕ್ಕೆ ಬೆಳಗಾವಿ ಬಸ್ಸು ಹಿಡಿದ, ಎರಡು ದಿನ ಬಿಟ್ಟು ಬರುವವನಿದ್ದ. ನಾನು ಉಡಿ ಕಟ್ಟಿಕೊಂಡು ಹೆಸರು ಬಿಡಿಸಲು ಹೋದೆ.

ತಾಸೆರಡು ತಾಸಿನಲ್ಲಿ ಮಳೆ ಹೊಡೆಯಿತು. ಎರಿ ಮಣ್ಣು ಕಾಲಿಗೆ ಹತ್ತಿ ಹೆಜ್ಜೆಗೆ ಸೇರು ಭಾರವಾಗುತ್ತಿತ್ತು. ಗುಡಿಸಲು ಬಿಟ್ಟರೆ ಎಲ್ಲಿ ನಿಲ್ಲಲಿ? ಬಾಗಿಲಲ್ಲಿ ಸೆರಗನ್ನು ಮೂಗಿಗೆ ಹಿಡಿದು ನಿಂತೆ.

ಲೈಮಾ ನೆಲದ ಮೇಲೆ ಕೂತಿದ್ದಳು. ಮೊದಲ ಸಲ ಸುಟ್ಟವೆಲ್ಲ ಬಾಯಿ ಬಿಟ್ಟು, ರಸ ಸುರಿದು ಕರಕಾಗಿದ್ದವು. ಎರಡನೆಯ ಸಲದವನ್ನು ಮಡಚುತ್ತಿದ್ದಳು. ಒಂದು ನಿರಿಗೆ ಹಿಡಿದರೆ ಇನ್ನೊಂದು ಬಿಚ್ಚುತ್ತಿತ್ತು. ಅಳುತ್ತಿದ್ದಳು, ಸಪ್ಪಳವಿರಲಿಲ್ಲ. ನನ್ನನ್ನು ನೋಡಿ ಒಂದು ಹಿಟ್ಟಿನ ಹಾಳೆಯನ್ನು ಅಂಗೈ ಮೇಲಿಟ್ಟು ಚಾಚಿದಳು. "ಅತ್ತಿ," ಎಂದಳು.

ನಾನು ಕೊರಳಲ್ಲಿದ್ದ ಲಿಂಗವನ್ನು ಬೆನ್ನ ಹಿಂದೆ ಸರಿಸಿಕೊಂಡೆ, ಅದು ನೋಡಬಾರದು ಎಂಬಂತೆ. ಕೂತೆ. ಒಳಗಿನದನ್ನು ಅವಳು ಚಮಚದಿಂದ ತುಂಬುತ್ತಿದ್ದಳು, ನಾನು ಅಂಚು ಮಾತ್ರ ನೋಡುತ್ತ ಮುರಿಗೆ ಹಾಕುತ್ತಿದ್ದೆ. ಹಿಟ್ಟು ಕರ್ಚಿಕಾಯಿಯದಕ್ಕಿಂತ ಮೆತ್ತಗೆ, ಬೆರಳಿನ ಕೆಳಗೆ ಉಸಿರಾಡುವ ಹಾಗಿತ್ತು. ಹತ್ತು ಹಾಕುವಷ್ಟರಲ್ಲಿ ಹೇಸಿಗೆ ಮರೆತೇ ಹೋಗಿತ್ತು. ಅವಳೂ ನೋಡಿ ನೋಡಿ ಹಿಡಿದಳು, ಅವಳ ಮುರಿಗೆ ಬಲಕ್ಕೆ ಮಲಗುತ್ತಿತ್ತು. ಬೋಗುಣಿಯಿಂದ ತೆಗೆದಾಗ ಒಂದೂ ಒಡೆದಿರಲಿಲ್ಲ. ಜೇನಿನ ಬಣ್ಣಕ್ಕೆ ಬಂದಿದ್ದವು. ಲೈಮಾ ಬಿಸಿಯದನ್ನೇ ಒಂದೊಂದಾಗಿ ಎತ್ತಿ ನೋಡಿ ನಕ್ಕಳು. ನನ್ನ ಕತ್ತರಿಸಿದ ಹೆಬ್ಬೆರಳನ್ನು ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡಳು. ನಾನು ನಾಚಿ ಕೈ ಎಳೆದುಕೊಂಡೆ. ಆ ಮಳೆಗಾಲದಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ಅದೊಂದೇ ಸಲ.

ಡಬ್ಬಿ ತುಂಬಿಟ್ಟು, ಕೊನೆಯ ನಾಲ್ಕು ಹಾಳೆ ಮಡಚುತ್ತಿರುವಾಗ ಹೊರಗೆ ಶಂಕ್ರವ್ವನ ದನಿ ಕೇಳಿತು. "ಮನಿಗೆ ಕೀಲಿ ಹಾಕಿ ಅತ್ತಿ-ಸೊಸಿ ಹೊಲದಾಗ ಹಬ್ಬ ಮಾಡಾಕತ್ತೀರೇನು? ವಾಸನಿ ರಸ್ತಾಕ ಬಂದೈತಿ."

ಕುಬಸದ ಜಂಪರಿಗೆ ಅಳತೆ ತೆಗೆದುಕೊಳ್ಳಲು ಬಂದಿದ್ದರು. ಜೊತೆಗೆ ಬಳಗದ ಇಬ್ಬರು ಹೆಂಗಸರು. ಮೂವರೂ ಛತ್ರಿ ಮಡಚಿ ಒಳಗೆ ಬಂದರು. ನಾನು ಎದ್ದು ನಿಂತು ಎರಡೂ ಕೈಯನ್ನು ಸೆರಗಿನೊಳಗೆ ಹಾಕಿಕೊಂಡೆ. ಶಂಕ್ರವ್ವ ಡಬ್ಬಿ ತೆರೆದು, "ಅಯ್ಯ, ಕರ್ಚಿಕಾಯಿ" ಎನ್ನುತ್ತ ಒಂದನ್ನು ಎತ್ತಿಕೊಂಡು ಮುರಿದರು.

ಹಬೆ ಎದ್ದಿತು. ಹಿಂದಿದ್ದವಳು ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು. "ಶಿವಶಿವಾ. ಖಂಡ ಐತಿ ಇದರಾಗ. ಶ್ರಾವಣ ಸೋಮಾರ." ಇನ್ನೊಬ್ಬಳು, "ನೀಲವ್ವ ಬಾಯಿಲ್ಲದಾಕಿ ಅಂತಿದ್ವಿ, ಕೈ ಜೋರ ಅದಾವ" ಎಂದಳು.

ಶಂಕ್ರವ್ವ ಅವರ ಕಡೆ ನೋಡಲಿಲ್ಲ. ಕೈಯಲ್ಲಿದ್ದುದನ್ನು ತಿರುಗಿಸಿ ಅಂಚು ನೋಡಿದರು. ಡಬ್ಬಿಯೊಳಗೆ ನೋಡಿದರು. ಎಡಕ್ಕೆ ಮಲಗಿದವು, ಬಲಕ್ಕೆ ಮಲಗಿದವು, ಎರಡೂ ಇದ್ದವು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು.

"ನೀಲಾ, ಈ ಮುರಿಗಿ ನಿನ್ನವೇನು?"

ಸೆರಗಿನೊಳಗೆ ನನ್ನ ಬೆರಳುಗಳಿಗೆ ಹಿಟ್ಟು ಒಣಗಿ ಬಿಗಿಯುತ್ತಿತ್ತು. ನನ್ನ ದನಿ ಅಂದು ಹೊರಡದಿದ್ದರೆ ಒಳ್ಳೆಯದಿತ್ತು. ಅಂದು ಮಾತ್ರ ಸರಳವಾಗಿ ಹೊರಟಿತು.

"ಅಕಿನ ಹಾಕ್ಯಾಳರಿ. ನಾ ಹೆಸರು ಬಿಡಸಾಕ ಹೋಗಿದ್ದೆ. ಮಳಿ ಬಂತಂತ ಈಗ ಒಳಗ ಬಂದೆ. ನನಗೇನೂ ಗೊತ್ತಿಲ್ಲ."

"ಖರೇನು?"

"ಖರೇನರಿ."

ಲಿಂಗ ಆಗಲೂ ಬೆನ್ನ ಹಿಂದೆಯೇ ಇತ್ತು.

ಲೈಮಾಗೆ ಎಲ್ಲ ಮಾತು ತಿಳಿದಿರಲಿಕ್ಕಿಲ್ಲ. ಆದರೆ ಅವಳು ಸೆರಗಿನೊಳಗಿನ ನನ್ನ ಕೈಗಳ ಕಡೆ ನೋಡಿದಳು. ಆಮೇಲೆ ಎದ್ದು ನಿಂತು, ತನ್ನ ಹಿಟ್ಟಿನ ಕೈ ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು ಹೇಳಿದಳು: "ನಾ ಮಾಡೀನಿ. ಎಲ್ಲಾ ನಾ. ಅತ್ತಿ ಇಲ್ಲ."

ಶಂಕ್ರವ್ವ ಮುರಿದದ್ದನ್ನು ಡಬ್ಬಿಯಲ್ಲಿಟ್ಟು, ಮಳೆಯಲ್ಲಿ ಕೈ ತೊಳೆದುಕೊಂಡು ಹೊರಟರು. ಅಳತೆ ತೆಗೆಯಲಿಲ್ಲ.

ಅವರು ಹೋದ ಮೇಲೆ ಲೈಮಾ ಹೊರಗೆ ಬೇವಿನ ಗಿಡದ ಬುಡದಲ್ಲಿ ಎಲೆ ಹಾಸಿ ಅಪ್ಪನಿಗೆ ಎಡೆ ಇಟ್ಟಳು. ಅವಳು ಇಟ್ಟದ್ದು ಮೊದಲ ಸಲದ ಒಡೆದು ಕರಕಾದವುಗಳನ್ನು. ಡಬ್ಬಿಯಲ್ಲಿದ್ದ ಚೆಂದದವುಗಳನ್ನು ಮುಟ್ಟಲಿಲ್ಲ. ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಲ್ಲಬಹುದಿತ್ತು. ಗುಡಿಸಲೊಳಗೆ ಕೂತು ಉಗುರಿನ ಹಿಟ್ಟು ಕೆರೆದುಕೊಂಡೆ. ಆಮೇಲೆ ಡಬ್ಬಿಯಲ್ಲಿದ್ದುದನ್ನು ಬದುವಿನಲ್ಲಿ ತೆಗ್ಗು ತೋಡಿ ಮುಚ್ಚಿದೆ.

ಮಾತು ಊರೆಲ್ಲ ಹರಡಿತು. ಏಳನೆಯ ತಿಂಗಳು ಬಂತು, ಹೋಯಿತು. ಮುರಗೋಡದಿಂದ ಯಾರೂ ಬರಲಿಲ್ಲ. ನಿಮ್ಮಪ್ಪ ಮುರಗೋಡಕ್ಕೆ ಹೋಗಿ ಸೋದರತ್ತೆ ಶಂಕ್ರವ್ವನ ಜೊತೆ ಜಗಳಾಡಿ ಬಂದ. "ಅವ್ವ ಹೊಲದಾಗಿದ್ಲು, ಅಕಿಗೇನ ಸಂಬಂಧ" ಎಂದು ನನ್ನ ಪರವಾಗಿಯೂ ವಾದಿಸಿದನಂತೆ. ಲೈಮಾ ಅವನಿಗೂ ಹೇಳಿರಲಿಲ್ಲ. ಅವನು ಅದನ್ನು ಹೇಳುತ್ತಿರುವಾಗ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ತಲೆಯೆತ್ತಲಿಲ್ಲ.

ಒಂದು ದಿನ ಮುಂಜಾನೆ ನೋಡಿದೆ, ಹಸಿರು ಬಳೆಗಳನ್ನು ತಾನೇ ಇಟ್ಟುಕೊಂಡಿದ್ದಳು. ಸೋಪು ಹಚ್ಚಿ ಏರಿಸಿಕೊಂಡಿದ್ದಕ್ಕೆ ಮುಂಗೈ ಕೆಂಪಾಗಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಒಂದು ಖಣ, ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ ಅವಳ ಉಡಿಗೆ ಹಾಕಿದ್ದರೆ ತಡೆಯುವವರು ಯಾರಿದ್ದರು? ಹಾಕಲಿಲ್ಲ. ಒಲೆಗೆ ಕಟ್ಟಿಗೆ ಒಟ್ಟಿದೆ.

ದಸರೆಯ ಮುಂದೆ ಅವರಿಬ್ಬರೂ ಧಾರವಾಡಕ್ಕೆ ಮನೆ ಮಾಡಿದರು. ನಿಮ್ಮಪ್ಪ ಹಡಗು ಬಿಟ್ಟು ಪಂಪ್‌ಸೆಟ್ ರಿಪೇರಿ ಅಂಗಡಿ ಸೇರಿದ. ಮಾರಾ ಅಲ್ಲಿಯೇ ಹುಟ್ಟಿದಳು. ನಾನು ಬಾಣಂತನಕ್ಕೆ ಹೋದೆ, ಎರೆದೆ, ಬೆಂಕಿ ಕಾಸಿದೆ. ಲೈಮಾ ಯಾವಾಗಲೂ "ಅತ್ತಿ, ಚಹಾ ತಗೋರಿ" ಎಂದೇ ಮಾತಾಡಿಸಿದಳು. ಇಂದಿಗೂ ಹಾಗೆಯೇ. ಅವಳು ಒಮ್ಮೆ ಬೈದಿದ್ದರೆ ನನಗೆ ಕ್ಷಮೆ ಕೇಳಲು ಜಾಗ ಸಿಗುತ್ತಿತ್ತು ಎಂದುಕೊಳ್ಳುತ್ತಿದ್ದೆ. ಅದೂ ನನ್ನ ತಪ್ಪನ್ನು ಅವಳ ಮೇಲೆ ಹಾಕುವ ಇನ್ನೊಂದು ಉಪಾಯವೇ.

ಮಾರಾ ಕೇಳಿದ ಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಬುಧವಾರ ಮುರಗೋಡಕ್ಕೆ ಹೋದೆ. ಶಂಕ್ರವ್ವ ಈಗ ಹಾಸಿಗೆ ಬಿಟ್ಟು ಹೆಚ್ಚು ಏಳುವುದಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ. "ಏನಬೇ ಎಡಚಿ, ದಾರಿ ತಪ್ಪಿ ಬಂದಿಯೇನು?" ಎಂದರು. ನಾನು ಕಾಲ ಕಡೆ ಕೂತು, ಹತ್ತು ವರ್ಷ ಮಾತಾಡದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. "ಆವತ್ತಿನ ಮುರಿಗಿ ನನ್ನವು ಇದ್ದೂರಿ, ಅಕ್ಕಾರ. ನಾ ಸುಳ್ಳು ಹೇಳಿದ್ದೆ."

ಅವರು ಚಕಿತರಾಗಲಿಲ್ಲ. "ನನಗ ಗೊತ್ತಿಲ್ಲೇನು? ಮೂವತ್ತು ವರ್ಷ ನೀ ಮಾಡಿದ ಕರ್ಚಿಕಾಯಿ ತಿಂದೇನಿ. ಆ ಹುಡುಗಿ ಹೆಬ್ಬಟ್ಟೇನು ತುಂಡಾಗಿತ್ತೇನ, ಎಡಕ್ಕ ಮುರ್ಯಾಕ?"

"ಗೊತ್ತಿದ್ದ ಮ್ಯಾಲೆ ಯಾಕ ಕೇಳಿದ್ರಿ?"

"ನೀ ಹೂಂ ಅಂತಿ ಅಂತ ಕೇಳಿದೆ. ನೀ ಹೂಂ ಅಂದಿದ್ರ, ಬಸುರಿ ಬಯಕಿ ಐತಿ, ಅತ್ತಿ ಆದಾಕಿ ತೀರಿಸ್ಯಾಳ, ನಡೀರಿ ಅಂತ ಆ ಇಬ್ಬರ ಬಾಯಿ ಅಲ್ಲೇ ಮುಚ್ಚಸ್ತಿದ್ದೆ. ಬಯಕಿಗೆ ಯಾರ ಎದುರು ಮಾತಾಡ್ತಾರ? ಮಾತು ತುಟಿ ಮ್ಯಾಲೆ ಇತ್ತು." ಗೋಡೆಯ ಕಡೆ ಹೊರಳಿದರು. "ಮನ್ಯಾಗಿನ ಅತ್ತಿನ ಕೈ ಬಿಟ್ಟ ನಿಂತ ಮ್ಯಾಲೆ ನಾ ಯಾವ ಮುಖಾ ಹೊತ್ತು ಅಕಿ ಉಡಿ ತುಂಬಲಿ? ನನಗ ನಾಚಿಕಿ ಆತು. ಅಕಿ ಕುಬಸಕ್ಕಂತ ತಂದಿಟ್ಟ ಖಣ ನನ್ನ ಸಣ್ಣ ಸೊಸಿಗೆ ಕೊಟ್ಟೆ, ಹರದೂ ಹೋತು."

ಇಷ್ಟು ವರ್ಷ ನಾನು ಒಳಗೊಳಗೇ ಶಂಕ್ರವ್ವನನ್ನು, ಆ ಇಬ್ಬರನ್ನು, ಓಣಿಯನ್ನು, ಶ್ರಾವಣವನ್ನು ದೂರುತ್ತಿದ್ದೆ. ಈಗ ದೂರಲು ಯಾರೂ ಉಳಿದಿಲ್ಲ. ಮಾಂಸ ತಿನ್ನುವುದು ಸರಿಯೊ ತಪ್ಪೊ ಎಂಬುದಕ್ಕೆ ನಾನು ಇದನ್ನು ಬರೆದಿಲ್ಲ. ನಾನು ಇಂದಿಗೂ ತಿನ್ನುವವಳಲ್ಲ. ಬಾಗಿಲೊಂದು ತೆರೆದಿತ್ತು, ಒಂದು 'ಹೂಂ' ಸಾಕಿತ್ತು, ನಾನು ಕೈ ಮುಚ್ಚಿಕೊಂಡೆ. ಇಷ್ಟೇ ಸಂಗತಿ.

ಈ ಕಾಗದವನ್ನು ಓದಿದ ಮೇಲೆ ನಿಮ್ಮವ್ವನ ಕೈಗೆ ಕೊಡಿರಿ. ಅವಳಿಗೆ ಈಗ ನನ್ನ ಅಕ್ಷರ ಓದಲು ಬರುತ್ತದೆ. ಕ್ಷಮಿಸು ಎಂದು ನಾನು ಬರೆದಿಲ್ಲ. ಅದನ್ನು ರವಿವಾರ ಬಂದು ಅವಳ ಅಡಿಗೆಮನೆಯಲ್ಲಿ ನಿಂತು, ನಿಮ್ಮಪ್ಪನೂ ನೀವೂ ಕೇಳುವಂತೆ ಬಾಯಿಂದ ಹೇಳುತ್ತೇನೆ. ದನಿ ಹೊರಡದಿದ್ದರೆ ಮಾರಾ ನನ್ನ ಕೈ ಹಿಡಿದುಕೊಂಡಿರಲಿ.

ಇನ್ನು ಮಾರಾ ಕೇಳಿದ ಮಾತಿಗೆ. ನಿಮ್ಮವ್ವ ಕಡಬಿನ ಅಂಚನ್ನು ಫೋರ್ಕಿನ ಹಲ್ಲಿನಿಂದ ಒತ್ತುತ್ತಾಳೆ, ಅದಕ್ಕೆ ಒಡೆಯುತ್ತವೆ. ನಾನು ಕಲಿಸದೆ ಹೋದದ್ದಕ್ಕಲ್ಲ, ಮಗಳೇ. ಅವಳಿಗೆ ಮುರಿಗೆ ಬರುತ್ತದೆ, ಚೆಂದ ಬರುತ್ತದೆ. ಆ ಸೋಮವಾರದಿಂದ ಹಾಕುವುದನ್ನು ಬಿಟ್ಟಿದ್ದಾಳೆ.